ಅತ್ತೆ ಹೋದರೆಂದು ಅತ್ತೆ!

ಇನ್ನು ಮುಂದೆ ಈ ಭೂಮಂಡಲದ ಒಂದೇ ಒಂದು ಸಿನಿಮಾ, ಒಂದೇ ಒಂದು ಧಾರಾವಾಹಿ ನನ್ನ ಕೈಯಿಂದ ಪಾರಾಗಬಾರದು! ಹೀಗೆ ಪಣ ತೊಟ್ಟು ನಾನು ಆನ್‌ಲೈನ್ ವಿಮರ್ಶಕನ ಸಿಂಹಾಸನ ಏರಿದೆ. ಸಿಂಹಾಸನವೆಂದರೆ ನಾನು ಕೆಲಸ ಮಾಡುವ ಕನ್ನಡಕದಂಗಡಿಯ ಹಿಂದಿನ ಕೋಣೆಯ ಸ್ಟೂಲು. ಅಲ್ಲಿ ಕೂತು ಗಿರಾಕಿಗಳ ಗಾಜು ಉಜ್ಜುವುದು, ಬಿಡುವಾದಾಗ ನಟನಟಿಯರನ್ನು ಉಜ್ಜುವುದು.

ನನ್ನ ಜೋಕುಗಳಿಗೆ ಬೀಳುತ್ತಿದ್ದ ಲೈಕು ಒಂದೇ. ಅದನ್ನು ಒತ್ತುತ್ತಿದ್ದವನೂ ನಾನೇ. ಜಗತ್ತಿನಲ್ಲಿ ನನ್ನ ಮಾತಿಗೆ ನಗುತ್ತಿದ್ದ ಏಕೈಕ ಜೀವವೆಂದರೆ ನಮ್ಮ ಅತ್ತೆ, ಅಂದರೆ ನನ್ನ ಹೆಂಡತಿಯ ತಾಯಿ. ನಮ್ಮ ಜೊತೆಗೇ ಇದ್ದಾರೆ. ಸಂಜೆ ಇಬ್ಬರೂ ಟಿವಿ ಮುಂದೆ ಕೂತರೆ ನಾನು ಹೇಳಿದ್ದಕ್ಕೆಲ್ಲ ನಗುತ್ತಿದ್ದರು. ಅವರೊಬ್ಬರು ಇಲ್ಲದಿದ್ದರೆ ನಾನು ಗೋಡೆಗೆ ಜೋಕು ಹೇಳಬೇಕಿತ್ತು.

ನಾವು ನೋಡುತ್ತಿದ್ದ ಧಾರಾವಾಹಿಯಲ್ಲಿ ಒಬ್ಬಳು ಘಟವಾಣಿ ಅತ್ತೆ. ವಾರಗಟ್ಟಲೆ ಆಸ್ಪತ್ರೆ ಮಂಚ ಸವೆಸಿ, ಮೊನ್ನೆ ಸಂಜೆ ಅಂತೂ ಕಣ್ಣು ಮುಚ್ಚಿದಳು. ಮರುದಿನ ಬೆಳಿಗ್ಗೆ ಸ್ಟೂಲಿನ ಮೇಲೆ ಕೂತು ಹೀಗೆ ಬರೆದೆ: "ಕೊನೆಗೂ ನಮ್ಮ ಅತ್ತೆ ಹೋದರು. ಅತ್ತೆ. ಅತ್ತೆ, ಅತ್ತೆ ಎಂದು ಅತ್ತೆ!"

ಆಹಾ, ಏನು ಶ್ಲೇಷೆ! ಹೆಂಡತಿಯ ತಾಯಿಯೂ ಅತ್ತೆ, ನಾನು ಕಣ್ಣೀರಿಟ್ಟದ್ದೂ ಅತ್ತೆ! ಧಾರಾವಾಹಿಯ ಹೆಸರು ಮಾತ್ರ ಹಾಕಲಿಲ್ಲ. ವಿವರಿಸಿದರೆ ಜೋಕು ಕೆಡುತ್ತದಲ್ಲ!

ಸ್ವಲ್ಪ ಹೊತ್ತಿಗೆ ಅಂಗಡಿಯ ಮಾಲೀಕರು ಒಳಗೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು.

"ಈಗ ತಾನೇ ನೋಡ್ದೆ ಕಣಯ್ಯಾ. ನಿಮ್ಮ ಅತ್ತೆ ಹೋಗ್ಬಿಟ್ರಂತೆ."

ಇವರೂ ಆ ಧಾರಾವಾಹಿಯ ಭಕ್ತರೇ! ನನಗೆ ರೋಮಾಂಚನವಾಯಿತು.

"ಹೂಂ ಸಾರ್! ಯಾವತ್ತೋ ಹೋಗ್ಬೇಕಿತ್ತು. ಸುಮ್ನೆ ಎಳೆದ್ರು. ಆ ಆಕ್ಸಿಜನ್ ಪೈಪು ಕೀಳೋಕೆ ಒಂದು ವಾರಾನಾ ಸಾರ್?"

ಮಾಲೀಕರು ಎರಡು ಹೆಜ್ಜೆ ಹಿಂದೆ ಸರಿದರು. "ಮನೆಗೆ ಹೋಗು" ಎಂದಷ್ಟೇ ಹೇಳಿದರು. ಅಷ್ಟರಲ್ಲಿ ಹೆಂಡತಿಯ ಫೋನು. ಅವಳಿರುವುದು ಒಂದು ಶಾಲೆಯ ಆಫೀಸಿನಲ್ಲಿ.

"ರೀ! ಇಲ್ಲಿ ಹೆಡ್‌ಮಾಸ್ಟ್ರು ಮೌನಾಚರಣೆ ಮಾಡಿಸಿದ್ರು. ನಾನೂ ಎದ್ದು ತಲೆ ತಗ್ಗಿಸಿ ನಿಂತಿದ್ದೆ. ಸತ್ತಿರೋದು ನಮ್ಮಮ್ಮ ಅಂತ ಆಮೇಲೆ ಗೊತ್ತಾಯ್ತು!"

ಮೊಬೈಲ್ ತೆರೆದರೆ ಸಂತಾಪದ ಮಹಾಪೂರ! ತಕ್ಷಣ "ನಮ್ಮ ಅತ್ತೆ ಬದುಕಿದ್ದಾರೆ!" ಎಂದು ಬರೆದೆ. "ಹೌದು, ನಿಮ್ಮ ನೆನಪಿನಲ್ಲಿ ಸದಾ ಬದುಕಿರುತ್ತಾರೆ" ಎಂದು ಉತ್ತರ ಬಂತು. "ಅಯ್ಯೋ, ಅದು ಟಿವಿ ಅತ್ತೆ!" ಎಂದೆ. "ಪಾಪ, ದುಃಖಕ್ಕೆ ತಲೆ ಕೆಟ್ಟಿದೆ, ಯಾರಾದರೂ ಜೊತೆಗಿರಿ" ಎಂದು ಇನ್ನೊಬ್ಬರು ಬರೆದರು. ಜೀವಮಾನದಲ್ಲಿ ಮೊದಲ ಸಲ ನನ್ನ ಬರಹ ಜನರ ಮನ ಮುಟ್ಟಿತ್ತು. ನನಗೆ ಎಲ್ಲಾದರೂ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮನೆಗೆ ಓಡಿದೆ. ಹೆಂಡತಿ ಆಗಲೇ ಬಂದು ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಒಳಗೆ ಅತ್ತೆ ಬ್ಯಾಗು ತುಂಬಿ ಪಕ್ಕದಲ್ಲಿಟ್ಟುಕೊಂಡು, ಕನ್ನಡಕ ಏರಿಸಿ, ಮೊಬೈಲಿನಲ್ಲಿ ತಮ್ಮ ಸಾವನ್ನೇ ಓದುತ್ತಿದ್ದರು.

"ಅಮ್ಮ ಅಕ್ಕನ ಮನೆಗೆ ಹೊರಟಿದಾಳೆ. ಇನ್ಮೇಲೆ ಒಬ್ರೇ ಕೂತು ಟಿವಿ ನೋಡ್ಕೊಳ್ಳಿ" ಎಂದಳು ಹೆಂಡತಿ.

ನಾನು ಒಳಗೆ ನುಗ್ಗಿ ಕೈ ಮುಗಿದೆ. "ಅತ್ತೇ, ತಪ್ಪಾಯ್ತು, ಹೋಗ್ಬೇಡಿ!"

"ಹೋಗಿ ಆದ್ಮೇಲೆ ತಡೆದ್ರೆ ಏನು ಬಂತು ಅಳಿಯಂದ್ರೇ?" ಎಂದರು ಅತ್ತೆ. "ನೋಡಿ, ಮುಖ ನೋಡದೋರೆಲ್ಲ ಎಷ್ಟು ಚೆನ್ನಾಗಿ ಬರ್ದಿದಾರೆ. ನೀವು ಮಾತ್ರ ಒಂದು ಒಳ್ಳೆ ಮಾತು ಬರೀಲಿಲ್ಲ. ಈಗ ಬರೀರಿ. ಓದಿ ನೋಡಿ, ಹೋಗೋದೋ ಇರೋದೋ ಹೇಳ್ತೀನಿ."

ಅಲ್ಲೇ ನೆಲದ ಮೇಲೆ ಕೂತು ಬರೆದೆ. ನಿಜವಾಗಿಯೂ ಕಣ್ಣು ತುಂಬಿ ಬಂತು. "ಓ ಮಮತೆಯ ಮಹಾಸಾಗರವೇ! ನೀವಿಲ್ಲದ ಮನೆಯಲ್ಲಿ ರಿಮೋಟೂ ಅನಾಥ, ನಾನೂ ಅನಾಥ! ಜಾಹೀರಾತು ಬಂದಾಗ ನಾನು ಯಾರ ಮುಖ ನೋಡಲಿ!" ಒಂದಕ್ಷರವೂ ಸುಳ್ಳಲ್ಲ.

ಅತ್ತೆ ಓದಿದರು. ಅವರ ಭುಜ ಅಲುಗತೊಡಗಿತು. ಅಯ್ಯೋ, ಮತ್ತೆ ಅಳಿಸಿಬಿಟ್ಟೆನಲ್ಲ ಎಂದು ಹತ್ತಿರ ಹೋದರೆ, ಅವರು ಬಿದ್ದು ಬಿದ್ದು ನಗುತ್ತಿದ್ದರು! ಕಣ್ಣೊರೆಸಿಕೊಂಡು, ಬ್ಯಾಗನ್ನು ಮಗಳ ಕೈಗೆ ಕೊಟ್ಟು "ಒಳಗಿಡಮ್ಮ" ಎಂದರು. ಆಮೇಲೆ ನನ್ನತ್ತ ತಿರುಗಿದರು.

"ಅಳಿಯಂದ್ರೇ, ನಿಮ್ಮ ಜೋಕು ಓದಿ ಊರೆಲ್ಲ ಅತ್ತಿದೆ. ಇನ್ಮೇಲೆ ಜನಾನ ನಗಿಸ್ಬೇಕು ಅಂದ್ರೆ ಶ್ರದ್ಧಾಂಜಲೀನೇ ಬರೀರಿ!"