ಗಟ್ಟಿ ಗಾಡಿ, ಮೆತ್ತನ್ ಗಾಡಿ

ಉಳಿದವರಿಗೆ ಕಾರು ಕೊಳ್ಳುವುದು ಒಂದು ದಿನದ ಕೆಲಸ ಇರಬಹುದು. ನಾನು ಮಾತ್ರ ಯಾವ ಕೆಲಸಕ್ಕೆ ಹೊರಟರೂ ನಡುವೆ ಒಂದು ದನವೋ ಕುರಿಯೋ ಬಂದು ನಿಲ್ಲುತ್ತದೆ. ಶಹಾಪುರದಲ್ಲಿ ಪಶುವೈದ್ಯನಾಗಿ ಹದಿನೆಂಟು ವರ್ಷವಾಯಿತು. ಕನ್ಯೆ ನೋಡಲು ಹೋದ ದಿನವೇ ಬೀಗರ ಆಕಳಿಗೆ ಜ್ವರ ಬಂದಿತ್ತು. ಮೊದಲು ಹಿತ್ತಲಿಗೆ ಹೋಗಿ ಸೂಜಿ ಹಾಕಿ, ಕೈ ತೊಳೆದುಕೊಂಡು ಬಂದು ಆಮೇಲೆ ಹುಡುಗಿಯನ್ನು ನೋಡಿದೆ. ಅಂಥವನು ಕಾರು ಕೊಳ್ಳಲು ಹೊರಟರೆ ಏನಾಗಬೇಕೋ ಅದೇ ಆಯಿತು.

೧. ಎರಿ ಹೊಲದ ಹಾದಿ

ಆ ಮಳೆಗಾಲದಲ್ಲಿ ಕಕ್ಕೇರಾದ ಡಾಕ್ಟರು ರಜೆ ಹಾಕಿದ್ದರು. ಅಲ್ಲಿಯ ಕೆಲಸವೂ ನನ್ನ ಹೆಗಲಿಗೆ ಬಿದ್ದಿತ್ತು. ಒಂದು ಮಧ್ಯಾಹ್ನ ಆ ಕಡೆಯ ರೈತನೊಬ್ಬನ ಫೋನು.

“ಸಾಹೇಬ್ರ, ಎತ್ತು ಹೊಟ್ಟಿ ಉಬ್ಬಿಸ್ಕೊಂಡು ಬಿದ್ದದರಿ. ಕಣ್ಣು ತೇಲಿಸಾಕತ್ತದ. ಲಗೂನ ಬರ್ರಿ.”

ಹೊಟ್ಟೆ ಉಬ್ಬಿದ ಎತ್ತಿಗೆ ಸಮಯ ಬಹಳ ಇರುವುದಿಲ್ಲ. ಒಳಗಿನ ಗಾಳಿ ಎದೆಯನ್ನು ಒತ್ತಿ ಒತ್ತಿ ಉಸಿರು ಕಟ್ಟಿಸಿಬಿಡುತ್ತದೆ. ನಮ್ಮ ಆಸ್ಪತ್ರೆಯ ಹಿರಿಯ ಕಾಂಪೌಂಡರನ್ನು ಕೂಡಿಸಿಕೊಂಡು ನನ್ನ ಹಳೇ ಸಣ್ಣ ಕಾರು ಓಡಿಸಿದೆ. ಅವರನ್ನು ಇಡೀ ತಾಲೂಕು ಚಾಚಾ ಅಂತಲೇ ಕರೆಯುತ್ತದೆ. ಟಾರು ರಸ್ತೆ ಮುಗಿದು ಹೊಲದ ಹಾದಿ ಶುರುವಾಯಿತು. ಕಪ್ಪು ಎರಿ ಮಣ್ಣು, ಮೇಲೆ ಮಳೆ. ಗಾಲಿಗೆ ಮಣ್ಣು ಮೆತ್ತಿ ಮೆತ್ತಿ ಒಂದೊಂದೂ ಎರಡು ಗಾಲಿಯಷ್ಟು ದಪ್ಪವಾದವು. ಎತ್ತು ಕಣ್ಣಿಗೆ ಕಾಣುವಷ್ಟು ದೂರದಲ್ಲಿದೆ. ಕಾರು ಮಾತ್ರ ನಿಂತಲ್ಲೇ ಗಾಲಿ ತಿರುಗಿಸುತ್ತಿದೆ.

ಇಳಿದು ಓಡಿದೆವು. ನನ್ನ ಎರಡೂ ಬೂಟು ಮಣ್ಣಿನಲ್ಲೇ ಉಳಿದವು. ಚಾಚಾ ಔಷಧಿ ಚೀಲವನ್ನು ತಲೆಯ ಮೇಲಿಟ್ಟುಕೊಂಡು ಹಿಂದೆ ಬಂದರು. ಎತ್ತು ಕಾಲು ಚಾಚಿ ಬಿದ್ದಿತ್ತು. ರೈತನ ಹೆಂಡತಿ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಎಡಪಕ್ಕೆಯ ಮೇಲೆ ಜಾಗ ನೋಡಿ ಕೊಳವೆ ಚುಚ್ಚಿದೆ. ಏನೂ ಬರಲಿಲ್ಲ. ಒಳಗೆ ನೊರೆ ಕಟ್ಟಿಕೊಂಡಿತ್ತು. “ಯಾ ಅಲ್ಲಾ,” ಅಂದರು ಚಾಚಾ. ಕೊಳವೆ ಸ್ವಚ್ಛ ಮಾಡಿ, ಎಣ್ಣೆ ಬಿಟ್ಟು, ಮತ್ತೊಮ್ಮೆ ಒಳಗೆ ಸರಿಸಿದೆ. ಬುಸ್ಸೆಂದು ಗಾಳಿ ಹೊರಬಿತ್ತು. ಸ್ವಲ್ಪ ಹೊತ್ತಿಗೆ ಎತ್ತು ಕಿವಿ ಅಲ್ಲಾಡಿಸಿತು. ಆ ಹೆಣ್ಣುಮಗಳು ಆಗ ಅತ್ತಳು. ನನ್ನ ಕಣ್ಣಲ್ಲೂ ನೀರು ಬಂತು. ಮಳೆ ಇದ್ದದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಆಮೇಲೆ ರೈತ ಪಕ್ಕದ ಹೊಲದ ಜೋಡೆತ್ತು ತಂದು ಕಾರಿಗೆ ಹಗ್ಗ ಕಟ್ಟಿ ಟಾರು ರಸ್ತೆತನಕ ಎಳೆಸಿದ. ಹಗ್ಗ ಬಿಚ್ಚುತ್ತ ಬಹಳ ಮರ್ಯಾದೆಯಿಂದ ಹೇಳಿದ:

“ಸಾಹೇಬ್ರ, ಇನ್ನೊಮ್ಮೆ ಫೋನ್ ಹಚ್ಚಿದಾಗ ಒಂದು ಮಾತು ಮೊದ್ಲ ಹೇಳಿಬಿಡ್ರಿ. ನೀವು ಎತ್ತು ನೋಡಾಕ ಬರ್ತೀರೋ, ಎತ್ತು ನಿಮ್ಮನ್ನ ಕರಕೊಂಡು ಬರಾಕ ಬರಬೇಕೋ? ಹಂಗ ಹೂಡಿ ಇಟ್ಟಿರತೀನಿ.”

೨. ಮಾರ್ಕ್ಸ್ ಕಾರ್ಡು

ಬರಿಗಾಲಲ್ಲಿ ಮನೆಗೆ ಬಂದವನೇ ಹೆಂಡತಿಗೆ ಹೇಳಿದೆ, “ನಾಕೂ ಗಾಲಿಗೆ ತಾಕತ್ತಿರೋ ಸಣ್ಣ ಗಾಡಿ ತಗೊಳ್ಳೋಣು.”

ಆಕೆ ಸುರಪುರದ ಹೈಸ್ಕೂಲಿನಲ್ಲಿ ಗಣಿತದ ಟೀಚರು. ದಿನಾ ಬಸ್ಸಿನಲ್ಲಿ ಹೋಗಿ ಬಂದು ಸೊಂಟ ಹಿಡಿದುಕೊಂಡಿತ್ತು. “ತಗೊಳ್ರಿ. ಆದ್ರ ಮೆತ್ತನ್ನ ಸೀಟ್ ಇರಬೇಕು,” ಅಂದಳು.

ತೊಡಕು ಅಲ್ಲೇ ಇತ್ತು. ನಮ್ಮ ಕೈಗೆಟಕುವ ಬೆಲೆಯಲ್ಲಿ ಎರಡೇ ಗಾಡಿ, ಎರಡೂ ಒಂದೇ ಕಂಪನಿಯವು. ಒಂದಕ್ಕೆ ನಾಲ್ಕೂ ಗಾಲಿಗೆ ಇಂಜಿನ್ನಿನ ಬಲ. ಒಳಗೆ ಮಾತ್ರ ಸರಕಾರಿ ಆಫೀಸಿನಂತೆ, ಗಟ್ಟಿ ಸೀಟು, ತೊಳೆಯಬಹುದಾದ ನೆಲ. ಇನ್ನೊಂದಕ್ಕೆ ತಂಪು ಗಾಳಿ ಬಿಡುವ ಸೀಟು, ಗಾಜಿನ ಚಾವಣಿ, ಟೀವಿಯಷ್ಟು ದೊಡ್ಡ ಪರದೆ. ಬಲ ಮಾತ್ರ ಮುಂದಿನ ಎರಡು ಗಾಲಿಗೆ. ಎರಡೂ ಸುಖ ಇರುವ ಗಾಡಿಯ ಬೆಲೆ ಕೇಳಿ ನಾವಿಬ್ಬರೂ ಕಂಪನಿ ಪುಸ್ತಕದ ಆ ಪುಟ ಮಡಚಿಟ್ಟೆವು.

ಮೂರು ದಿನ ಮನೆಯಲ್ಲಿ ಮಾತು ಬಿಗಿಯಾಯಿತು. ಚಹಾದ ಕಪ್ಪು ಟೇಬಲ್ಲಿನ ಮೇಲೆ ಕುಳಿತುಕೊಳ್ಳುವ ಸಪ್ಪಳದಲ್ಲೇ ಆಕೆಯ ಸಿಟ್ಟು ಅಳೆಯಬಹುದಿತ್ತು. ನಾಲ್ಕನೆಯ ದಿನ ಆಕೆ ಕೆಂಪು ಪೆನ್ನು ಹಿಡಿದು ಕೂತಳು. ಎರಡೂ ಗಾಡಿಗೆ ಮಾರ್ಕ್ಸ್ ಕಾರ್ಡು ತಯಾರಾಯಿತು. ಮೆತ್ತನ್ ಗಾಡಿ ಫಸ್ಟ್ ಕ್ಲಾಸಿನಲ್ಲಿ ಪಾಸು. ಗಟ್ಟಿ ಗಾಡಿ ಸೀಟಿನ ವಿಷಯದಲ್ಲಿ ಸೊನ್ನೆ ತಗೊಂಡು ಫೇಲು.

“ನಾಕು ಗಾಲಿಯ ಮಾರ್ಕ್ಸ್ ಎಲ್ಲಿ?” ಅಂತ ಕೇಳಿದೆ.

“ಉಳದ ಕಾರಿಗೇನು ಮೂರ ಗಾಲಿ ಅವೇನು?”

“ಹಂಗಲ್ಲ. ನಾಕೂ ತಿರುಗತಾವ, ಆದ್ರ ಎಳಿಯೋವು ಎರಡ. ಉಳದ ಎರಡು ಸುಮ್ನ ಹಿಂದಿಂದ ಬರ್ತಾವ.”

ಆಕೆ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು. “ಅದಕ್ಕ ಹೊಸಾ ಗಾಡಿ ಯಾಕ್ರಿ? ಹದಿನೇಳು ವರ್ಷದಿಂದ ಈ ಮನಿ ಹಂಗ ನಡದದ. ನಾನು ಎಳೀತೀನಿ, ನೀವು ಹಿಂದಿಂದ ಬರ್ತೀರಿ.”

೩. ತಂಪು ಸೀಟು

ನಿಜ ಹೇಳಬೇಕೆಂದರೆ, ಮೆತ್ತನ್ ಗಾಡಿಯ ಮೇಲೆ ನನಗೂ ಒಳಗೊಳಗೆ ಆಸೆ ಇತ್ತು. ಹೆಂಡತಿಗೆ ಹೇಳದೆ ಒಂದು ದಿನ ಚಾಚಾನನ್ನು ಕರೆದುಕೊಂಡು ಯಾದಗಿರಿಯ ಶೋರೂಮಿಗೆ ಹೋದೆ. ಮಳೆ ಬಿಡುವು ಕೊಟ್ಟು ಬಿಸಿಲು ಸುಡುತ್ತಿತ್ತು.

ಗಾಡಿ ತೋರಿಸಿದ ಮೇಡಂ ಮೈಸೂರು ಕಡೆಯವರು. ಗಂಡನ ನೌಕರಿಗೆಂದು ಈ ಕಡೆ ಬಂದವರು. ಇಸ್ತ್ರಿ ಮುರಿಯದ ಯೂನಿಫಾರ್ಮು, ಬಹಳ ನಯದ ಮಾತು. “ಕೂತ್ಕೊಳ್ಳಿ ಸರ್, ಫೀಲ್ ಮಾಡಿ,” ಅಂತ ಚಾಚಾನನ್ನು ಮುಂದಿನ ಸೀಟಿನಲ್ಲಿ ಕೂಡಿಸಿ ಯಾವುದೋ ಗುಂಡಿ ಒತ್ತಿದರು. ನಾನು ಹೊರಗೆ ನಿಂತು ಗಾಲಿ ನೋಡುತ್ತಿದ್ದೆ.

ಐದು ನಿಮಿಷದ ಮೇಲೆ ನೋಡಿದರೆ ಚಾಚಾನ ಮುಖ ಬಿಳಿಚಿತ್ತು. ಎರಡೂ ಕೈಯಲ್ಲಿ ಸೀಟಿನ ಅಂಚು ಗಟ್ಟಿಯಾಗಿ ಹಿಡಿದಿದ್ದರು. ಹಣೆಯಲ್ಲಿ ಬೆವರು. ಅವರಿಗೆ ಬೀಪಿ ಬೇರೆ ಇತ್ತು. ಓಡಿ ಹೋಗಿ ನಾಡಿ ಹಿಡಿದೆ. ಜೋರಾಗಿ ಹೊಡೆಯುತ್ತಿತ್ತು.

“ಚಾಚಾ, ಎದಿ ನೋವೇನು? ಕೈ ಜೋಮು ಹಿಡದದೇನು?”

ಇಲ್ಲ ಎಂದು ತಲೆ ಅಲ್ಲಾಡಿಸಿದರು. ಮೇಡಂ ಗಾಬರಿಯಾಗಿ ನೀರಿಗೆ ಓಡಿದರು. ಅವರು ಆ ಕಡೆ ಹೋದದ್ದೇ ಚಾಚಾ ನನ್ನ ಕಿವಿ ಹತ್ತಿರಕ್ಕೆ ಬಂದರು.

“ಸಾಬ್, ಯಾರಿಗೂ ಹೇಳಬ್ಯಾಡ್ರಿ. ವಯಸ್ಸಾತು ನೋಡ್ರಿ, ನನಗ ಗೊತ್ತಾಗ್ದಂಗ ಏನೋ ಆಗಿಬಿಟ್ಟದ. ಕೆಳಗೆಲ್ಲ ತಂಪ್ ತಂಪ್ ಆಗ್ಯಾದ. ಹ್ಯಾಂಗ ಏಳಲಿ?”

ಸೀಟಿನ ಮೇಲೆ ಕೈ ಇಟ್ಟು ನೋಡಿದೆ. ಒಣಗಿತ್ತು. ಸಣ್ಣ ಸಣ್ಣ ತೂತಿನಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಅಷ್ಟರಲ್ಲಿ ನೀರು ತಂದ ಮೇಡಂಗೂ ವಿಷಯ ಅರ್ಥವಾಯಿತು.

“ಅಯ್ಯೋ ಸರ್, ಹೆದರ್ಬೇಡಿ. ಅದು ಫೀಚರ್ರು. ಅದಕ್ಕೇ ಈ ಮಾಡೆಲ್‌ಗೆ ಬೆಲೆ ಜಾಸ್ತಿ.”

ಚಾಚಾ ಕೆಳಗಿಳಿದು, ಪೈಜಾಮದ ಹಿಂದೆ ಮುಟ್ಟಿ ನೋಡಿಕೊಂಡು ಖಾತ್ರಿ ಮಾಡಿಕೊಂಡರು. ಆಮೇಲೆ ಜೀವ ಬಂದವರಂತೆ ಹೇಳಿದರು:

“ಈ ಫೀಚರ್ರಿಗೆ ರೊಕ್ಕ ಯಾಕ್ರಿ ಮೇಡಂ? ನನ್ನ ಮೊಮ್ಮಗನ್ನ ತೊಡಿ ಮ್ಯಾಲ ಕುಂದರಿಸ್ಕೊಂಡ್ರ ದಿನಾ ಮುಫತ್ತಾಗಿ ಕೊಡತಾನ.”

೪. ಕುರಿ ಮತ್ತು ಕಾರು

ಮರುವಾರ ಅದೇ ಮೇಡಂ ಮೆತ್ತನ್ ಗಾಡಿಯನ್ನು ಶಹಾಪುರದ ನಮ್ಮ ಮನೆಗೇ ತಂದರು. ಹೆಂಡತಿ ಓಡಿಸಿದಳು. ನಾನು ಪಕ್ಕದಲ್ಲಿ, ಮೇಡಂ ಹಿಂದೆ. ಗುಡ್ಡದ ಕೆಳಗಿನ ರಸ್ತೆಯಲ್ಲಿ ಗಾಡಿ ಬೆಣ್ಣೆಯಂತೆ ಹೋಗುತ್ತಿತ್ತು. ಹೆಂಡತಿಯ ಮುಖದಲ್ಲಿ ನಗು. ನಾನು ಸೋತೆ ಅಂದುಕೊಂಡೆ.

ತಿರುವಿನಲ್ಲಿ ಏನಾಯಿತೋ ತಿಳಿಯಲಿಲ್ಲ. ಜಾಲಿ ಕಂಟಿಯ ಸಂದಿಯಿಂದ ಒಂದು ಕುರಿಮರಿ ನೇರ ರಸ್ತೆಗೆ ಜಿಗಿಯಿತು. ಹೆಂಡತಿ ಅದನ್ನು ನೋಡೇ ಇರಲಿಲ್ಲ. ನಾನು ಕೂಗಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಗಾಡಿ ತಾನೇ ಬ್ರೇಕ್ ಹಾಕಿ ಗಕ್ಕನೆ ನಿಂತಿತು. ಬೆಲ್ಟು ಎದೆಯನ್ನು ಹಿಂಡಿತು. ಮುಂದೆ ಮರಿ ಕಾಣಲಿಲ್ಲ. ಮೂವರೂ ಉಸಿರು ಬಿಗಿಹಿಡಿದು ಕೂತೆವು. ಇಳಿದು ನೋಡಿದೆ. ಬಂಪರಿಗೆ ಮೂಗು ತಾಗಿಸಿಕೊಂಡು ಮರಿ ನಿಂತಿತ್ತು. ಒಂದು ಕೂದಲೂ ಕೊಂಕಿರಲಿಲ್ಲ.

ಅಷ್ಟರಲ್ಲಿ ಅದರ ಹಿಂದೆ ಇಡೀ ಹಿಂಡು ಬಂತು. ಕುರಿಗಳು ಗಾಡಿಯನ್ನು ಸುತ್ತಿಕೊಂಡವು. ಮುಂದೆ ಕುರಿ ಕಂಡರೂ, ಪಕ್ಕದಲ್ಲಿ ಕುರಿ ತಿಕ್ಕಿದರೂ ಗಾಡಿ ಕೀಂಕೀಂ ಅನ್ನತೊಡಗಿತು. ಹೆಂಡತಿ ಒಂದು ಗೇಣು ಮುಂದೆ ಬಿಟ್ಟರೆ ಸಾಕು, ಅದು ಮತ್ತೆ ಬ್ರೇಕು ಒತ್ತಿ ಇನ್ನೂ ಜೋರಾಗಿ ಚೀರುವುದು. ಪರದೆಯ ಮೇಲೆ ಕೆಂಪು ದೀಪ. ಮೇಡಂ ಹಿಂದಿನಿಂದ ಒಂದೊಂದೇ ಗುಂಡಿಯ ಹೆಸರು ಹೇಳುತ್ತಿದ್ದರು. ಯಾವುದನ್ನು ಒತ್ತಿದರೂ ಬೇರೇನೋ ಆಗುತ್ತಿತ್ತು. ಒಮ್ಮೆ ಚಾವಣಿಯೇ ತೆರೆದುಕೊಂಡಿತು.

ಕುರಿಗಾರ ಕಂಬಳಿ ಹೊದ್ದು ನಿಧಾನವಾಗಿ ಬಂದ. ನನ್ನ ಗುರುತಿನವನೇ. ಚೀರುತ್ತಿದ್ದ ಗಾಡಿಯ ಸುತ್ತ ಒಂದು ಸುತ್ತು ಹಾಕಿ ಮರುಗಿದ.

“ಪಾಪ, ಬಾಳ ಹೆದರ್ಯಾದರಿ ಡಾಕ್ಟ್ರ. ಕುರಿ ಕಂಡಿದ್ದಿಲ್ಲೇನು? ಚೀಲದಾಗ ಸೂಜಿ ಇದ್ರ ಒಂದು ಹಾಕಿಬಿಡ್ರಿ, ಸಮಾಧಾನ ಆಗ್ತದ.”

ಮನೆಗೆ ಬಂದು ಹೆಂಡತಿ ಮೆತ್ತನ್ ಗಾಡಿಗೆ ಐದು ಮಾರ್ಕ್ಸ್ ಹೆಚ್ಚಿಗೆ ಕೊಟ್ಟಳು. ಮರಿಯ ಜೀವ ಉಳಿಸಿತ್ತಲ್ಲ, ನಾನೂ ತಕರಾರು ತೆಗೆಯಲಿಲ್ಲ.

೫. ಡೆಲಿವರಿ

ಗಟ್ಟಿ ಗಾಡಿಯನ್ನೂ ಒಮ್ಮೆ ಓಡಿಸಿ ನೋಡಿಬಿಡೋಣ ಎಂದು ಒಂದು ಭಾನುವಾರ ಯಾದಗಿರಿಗೆ ಹೋದೆವು. ಎರಡು ದಿನದಿಂದ ಹಿಂಗಾರಿ ಮಳೆ ಹಿಡಿದಿತ್ತು. ಚಾಚಾ ಸುರಪುರಕ್ಕೆ ಮದುವೆಗೆ ಹೋಗಿದ್ದರು. ನಾನು ಎಲ್ಲಿಗೆ ಹೋದರೂ ಜೊತೆಗಿರುವ ಔಷಧಿ ಚೀಲ ಅಂದೂ ಇತ್ತು. ಮೇಡಂ ಹಿಂದೆ ಕೂತರು. ವಡಗೇರಾ ರಸ್ತೆ ಹಿಡಿದೆವು. ಗಾಡಿ ಒಂದೊಂದು ಗುಂಡಿಯನ್ನೂ ಲೆಕ್ಕ ಹಾಕಿ ನಮ್ಮ ಬೆನ್ನಿಗೆ ಒಪ್ಪಿಸುತ್ತಿತ್ತು. ಹೆಂಡತಿ ಸೊಂಟ ಹಿಡಿದುಕೊಂಡು ನನ್ನ ಕಡೆ ನೋಡಿದಳು, ಅಷ್ಟೇ.

ಫೋನು ಬಂತು. ವಡಗೇರಾ ಕಡೆಯ ಒಬ್ಬ ಹೆಣ್ಣುಮಗಳು. ಗಂಡ ಇಲ್ಲ. ಒಂದೇ ಆಕಳು, ಅದರ ಹಾಲಿನ ಮೇಲೆ ಮನೆ.

“ಸಾಹೇಬ್ರ, ಮುಂಜಾನಿಂದ ತಿಣಕಾಕತ್ತದರಿ. ಚೊಚ್ಚಲ. ಕರದ ಒಂದ ಕಾಲು ಹೊರಗ ಬಂದದ, ಇನ್ನೊಂದು ಕಾಣವಲ್ದು. ಈಗ ಏಳವಲ್ದು.”

ಟಾರು ರಸ್ತೆಯಿಂದ ಅವಳ ಹೊಲಕ್ಕೆ ಎರಿ ಮಣ್ಣಿನ ಹಾದಿ. ನಾನು ಗಾಡಿ ತಿರುಗಿಸಿದೆ. ಮೇಡಂ ಹಿಂದಿನಿಂದ, “ಸರ್, ಟೆಸ್ಟ್ ಡ್ರೈವ್ ರೂಟು ಇಲ್ಲಿಗೇ ಮುಗಿಯುತ್ತೆ. ಟಾರು ಬಿಟ್ಟು ಇಳಿಸೋ ಹಾಗಿಲ್ಲ,” ಅಂದರು.

ಹೆಂಡತಿ ಹಿಂದೆ ತಿರುಗಿದಳು. “ಎಂಥಾ ಮಣ್ಣಾಗೂ ಹೋಗತದ ಅಂತ ನೀವ ಹೇಳಿದ್ರಲ್ಲ ಅವ್ವಾ. ಅದು ಸುಳ್ಳೇನು?”

ಮೇಡಂ ಸೀಟ್ ಬೆಲ್ಟು ಬಿಗಿ ಮಾಡಿಕೊಂಡರು. ಆಮೇಲೆ ಹೇಳಿದರು, “ಆ ಸಣ್ಣ ಲಿವರ್ ಎಳೀರಿ ಸರ್, ನಾಲ್ಕೂ ಗಾಲಿಗೆ ಬಲ ಬರುತ್ತೆ. ಆಕ್ಸಿಲೇಟರ್ ಬಿಡ್ಬೇಡಿ.”

ಇಳಿದೆವು. ಗಾಡಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಜಾರಿತು. ಗಾಜಿನ ಮೇಲೆಲ್ಲ ಕೆಸರು. ನಡುವೆ ನೀರು ನಿಂತ ತಗ್ಗು. ಮುಂದಿನ ಗಾಲಿ ಅದರಲ್ಲಿ ಕುಸಿಯಿತು. ಹೆಂಡತಿ ಹೆದರಿದಾಗ ಮಗ್ಗಿ ಹೇಳುತ್ತಾಳೆ. ಕಣ್ಣು ಮುಚ್ಚಿ “ಹದಿಮೂರ್ ಒಂದ್ಲೆ ಹದಿಮೂರು” ಶುರು ಮಾಡಿದಳು. ಗಾಲಿಗಳು ತಿರುಗಿದವು, ನಿಂತವು, ಮತ್ತೆ ತಿರುಗಿದವು. ಆಕೆ ತೊಂಬತ್ತೊಂದಕ್ಕೆ ಬರುವಷ್ಟರಲ್ಲಿ ಹಿಂದಿನ ಗಾಲಿಗಳಿಗೆ ನೆಲ ಸಿಕ್ಕಿತು. ಗಾಡಿ ಹೂಂಕರಿಸಿ ಮೇಲೆ ಬಂತು.

ಆಕಳು ಸೋತು ಮಲಗಿತ್ತು. ಕೈ ಹಾಕಿ ನೋಡಿದೆ. ಕರುವಿನ ಇನ್ನೊಂದು ಮುಂಗಾಲು ಒಳಗೆ ಮಡಚಿಕೊಂಡಿತ್ತು. ಹಿಂದಕ್ಕೆ ದಬ್ಬಿ ಕಾಲು ಬಿಡಿಸಬೇಕು, ಆಕಳು ತಿಣುಕಿದಾಗಲೆಲ್ಲ ನನ್ನ ತೋಳು ನುಜ್ಜಾಗುತ್ತಿತ್ತು. ಹೆಂಡತಿ ತಲೆ ಹಿಡಿದಳು. ಆ ಹೆಣ್ಣುಮಗಳು ಹೊಟ್ಟೆ ಸವರಿದಳು. ಕರುವಿನ ಕಾಲಿಗೆ ಕಟ್ಟಿದ ಹಗ್ಗ ಹಿಡಿಯಲು ಮತ್ತೊಬ್ಬರು ಬೇಕಿತ್ತು. ಕೇಳುವ ಮೊದಲೇ ಮೇಡಂ ಚಪ್ಪಲಿ ಬಿಟ್ಟು ಕೆಸರಿಗೆ ಇಳಿದರು.

“ಯಾವಾಗ ಎಳೀಲಿ ಸರ್?”

“ಆಕಳು ತಿಣಕಿದಾಗ. ಹಗೂರಕ.”

ಕಾಲು ಬಿಡಿಸಿಕೊಂಡಿತು. ಎರಡು ಸಲ ಎಳೆದೆವು. ಮೂರನೆಯದಕ್ಕೆ ಕರು ಪೂರ್ತಿ ಜಾರಿ ಹೊರಗೆ ಬಂತು. ಉಸಿರಿಲ್ಲ. ಹಿಂಗಾಲು ಹಿಡಿದು ತಲೆಕೆಳಗೆ ಮಾಡಿದೆ, ಮೂಗು ಒರೆಸಿದೆ, ಪಕ್ಕೆ ತಿಕ್ಕಿದೆ, ಹುಲ್ಲುಕಡ್ಡಿ ಮೂಗಿಗೆ ಹಾಕಿದೆ. ಮತ್ತೊಮ್ಮೆ ಪಕ್ಕೆ ತಿಕ್ಕಿದೆ. ಆಮೇಲೆ ಕರು ಸೀನಿತು. ತಾಯಿ ತಲೆ ಎತ್ತಿ ಅದರ ಕಡೆ ನಾಲಿಗೆ ಚಾಚಿತು. ಆ ಹೆಣ್ಣುಮಗಳು ಮೇಡಂನ ಕೆಸರುಗೈಯನ್ನೇ ಹಿಡಿದು ಕಣ್ಣಿಗೆ ಒತ್ತಿಕೊಂಡಳು.

ಹೆಂಡತಿ ಕೆಸರು ಮೆತ್ತಿದ ಗಟ್ಟಿ ಗಾಡಿಯ ಕಡೆ ಬಹಳ ಹೊತ್ತು ನೋಡಿದಳು. “ಇದನ್ನ ತಗೊಳ್ರಿ,” ಅಂದಳು. “ಮೆತ್ತಗ ಬೇಕಂದ್ರ ನಾನೊಂದು ದಿಂಬು ಹೊಲಿಸ್ಕೋತೀನಿ.”

ಆಗಲೇ ಮೇಡಂನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅವರ ಕೈ ತುಂಬ ಕೆಸರು, ರಕ್ತ. ಹೆಂಡತಿ ಫೋನು ತೆಗೆದು ಸ್ಪೀಕರ್ ಹಾಕಿ ಹಿಡಿದಳು. ಶೋರೂಮಿನ ಮ್ಯಾನೇಜರು.

“ಮೇಡಂ, ಎರಡು ತಾಸಾತು. ಎಲ್ಲಿ ಅದೀರಿ?”

“ಸಾರಿ ಸರ್. ಡೆಲಿವರಿ ಸ್ವಲ್ಪ ಕಷ್ಟ ಆಯ್ತು. ಈಗ ತಾನೇ ಮುಗೀತು.”

“ಡೆಲಿವರಿ? ಬುಕಿಂಗ ಆಗಿಲ್ಲ, ಕಾಗದ ಆಗಿಲ್ಲ, ಡೆಲಿವರಿ ಹ್ಯಾಂಗ ಕೊಟ್ರಿ?”

“ನಾನು ಕೊಟ್ಟಿಲ್ಲ ಸರ್. ಸಿಕ್ಕಿಹಾಕ್ಕೊಂಡಿತ್ತು. ಡಾಕ್ಟ್ರು ಹಗ್ಗ ಕಟ್ಟಿಕೊಟ್ರು, ನಾನು ಎಳೆದೆ.”

“ಹಗ್ಗ ಕಟ್ಟಿ ಎಳದ್ರಿ? ಹೊಸಾದು? ಏನೂ ಡ್ಯಾಮೇಜ್ ಆಗಿಲ್ಲಲ್ಲ?”

“ಇಲ್ಲ ಸರ್. ಮೊದಲು ಶುರುನೇ ಆಗ್ಲಿಲ್ಲ. ತಲೆಕೆಳಗೆ ಮಾಡಿ ತಿಕ್ಕಿದ ಮೇಲೆ ಆಯ್ತು.”

ಆ ಕಡೆ ಕುರ್ಚಿ ಹಿಂದಕ್ಕೆ ಸರಿದ ಸಪ್ಪಳ. “ತಲಿಕೆಳಗ? ಮೇಡಂ, ಮೊದ್ಲ ಹೇಳ್ರಿ, ಯಾವ ಕಲರಿಂದು ಅದು?”

“ಕಂದು ಸರ್. ಹಣೆ ಮೇಲೆ ಬಿಳಿ ಚುಕ್ಕೆ. ತುಂಬಾ ಮುದ್ದಾಗಿದೆ.”

ಕಂಪ್ಯೂಟರಿನ ಗುಂಡಿ ಟಕಟಕ ಒತ್ತಿದ್ದು ಕೇಳಿಸಿತು. ಆಮೇಲೆ ಮ್ಯಾನೇಜರು ದೊಡ್ಡ ಉಸಿರು ಬಿಟ್ಟರು.

“ಸದ್ಯ, ನಾ ಬದುಕಿದೆ! ಅಂಥಾ ಕಲರ್ ನಮ್ಮ ಸ್ಟಾಕಿನ್ಯಾಗ ಇಲ್ಲ. ಅದು ಬ್ಯಾರೇ ಶೋರೂಮಿಂದದ, ಸುಮ್ನ ಅಲ್ಲೇ ಬಿಟ್ಟು ಬರ್ರಿ.”