ಹೂಕುಂಡಕ್ಕೆ ಮೂಡಿದ ಬೆರಳು

ನಾಚಿಕೆ ಸ್ವಭಾವದವರಿಗೆ ಕೋಪ ಬರುವುದಿಲ್ಲ ಎಂದು ಜನ ತಿಳಿದುಕೊಂಡಿದ್ದಾರೆ. ಶುದ್ಧ ತಪ್ಪು. ಮಾತು ಬಲ್ಲವರು ಕೋಪ ಬಂದರೆ ಬೈದು, ಒಂದು ಲೋಟ ನೀರು ಕುಡಿದು, ಮರೆತುಬಿಡುತ್ತಾರೆ. ನಮ್ಮ ಕೋಪ ಸಣ್ಣ ಉರಿಯಲ್ಲಿಟ್ಟ ಹಾಲಿನ ಹಾಗೆ. ಉಕ್ಕುವುದಿಲ್ಲ, ಸುಮ್ಮನೆ ಗಟ್ಟಿಯಾಗುತ್ತಾ ಹೋಗುತ್ತದೆ. ನನಗೆ ಹೂಕುಂಡ ಕಂಡರೆ ಇಂಥ ಕೋಪ. ಯಾರ ಮನೆ ಬಾಗಿಲಲ್ಲಿ ಕುಂಡ ಇಟ್ಟಿದ್ದರೂ ಹಲ್ಲು ಕಡಿಯುತ್ತೇನೆ. ಈಗ ಕಡಿಯಲು ಹಲ್ಲು ಹೆಚ್ಚು ಉಳಿದಿಲ್ಲ, ಆ ಮಾತು ಬೇರೆ. ನಡುಮನೆಯ ಗೋಡೆಯ ಮೇಲಿರುವ ಎರಡು ಹಳೇ ಫೋಟೋ ತೋರಿಸಿ, "ಅಜ್ಜಿ, ಇದರಲ್ಲಿ ನೀನೆಲ್ಲಿದ್ದೀಯ?" ಎಂದು ನೀವು ಮೊಮ್ಮಕ್ಕಳು ಕೇಳಿ ನಗುತ್ತೀರಲ್ಲ, ಅದಕ್ಕೆ ಬಾಯಲ್ಲಿ ಉತ್ತರ ಹೇಳಲು ನನಗೆ ಬರುವುದಿಲ್ಲ. ಆವತಿಯ ಹತ್ತಿರದ ನಮ್ಮೂರ ಶಾಲೆಯಲ್ಲಿ ಕಲಿತ ನಾಲ್ಕಕ್ಷರ ಇದೆ. ಬರೆದೇ ಹೇಳುತ್ತೇನೆ.

ನಾನು ದೊಡ್ಡಬಳ್ಳಾಪುರದ ಈ ಮಗ್ಗದ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ನಿಮ್ಮ ತಾತ ನನ್ನನ್ನು ಪೇಟೆಯ ಫೋಟೋ ಅಂಗಡಿಗೆ ಕರೆದುಕೊಂಡು ಹೋಗಿದ್ದರು. ಅವರು ಫೋಟೋದವನದೇ ಕೋಟು ತೊಟ್ಟು ಕುರ್ಚಿಯಲ್ಲಿ ಕೂತರು. ಆ ಕೋಟಿನೊಳಗೆ ಅವರಂಥವರು ಇನ್ನೊಬ್ಬರು ಹಿಡಿಸುತ್ತಿದ್ದರು. ನಾನು ಪಕ್ಕದಲ್ಲಿ ನಿಂತೆ. ಫೋಟೋದವನು "ಅಮ್ಮಾ, ಕೈ ಅವರ ಹೆಗಲ ಮೇಲಿಡಿ" ಎಂದ. ಹಾಡಹಗಲು, ಪರಗಂಡಸಿನ ಎದುರು, ಗಂಡನ ಹೆಗಲ ಮೇಲೆ ಕೈ. ನಾನು ಕಲ್ಲಿನ ಹಾಗೆ ನಿಂತೆ. ನಿಮ್ಮ ತಾತ ತಿರುಗಿ ನೋಡದೆ ಮೆಲ್ಲಗೆ, "ಇಡೇ, ನಾನೇನು ಕಚ್ಚಲ್ಲ" ಅಂದರು. ಇಟ್ಟೆ. ನಾವಿಬ್ಬರೂ ಕೂಡಿ ತೆಗೆಸಿಕೊಂಡ ಫೋಟೋ ಅದೊಂದೇ. ನನ್ನದು ಅಂತ ಬೇರೆ ಫೋಟೋವೂ ಇರಲಿಲ್ಲ.

ಆಮೇಲೆ ಯುದ್ಧದ ಕಾಲದಲ್ಲಿ ಅವರು ಜ್ವರ ಬಂದು ಹೋಗಿಬಿಟ್ಟರು. ನಿಮ್ಮಪ್ಪ ಆಗ ಅಂಬೆಗಾಲಿಡುತ್ತಿದ್ದ. ಗೋಡೆಗೆ ಹಾಕಿ ದೀಪ ಹಚ್ಚಲು ಅವರದೊಂದು ದೊಡ್ಡ ಫೋಟೋ ಬೇಕೆಂದು ನಮ್ಮತ್ತೆ ಆ ಜೋಡಿ ಫೋಟೋವನ್ನೇ ಅಂಗಡಿಗೆ ಕಳಿಸಿದರು. ಕಟ್ಟು ಹಾಕಿಸಿಕೊಂಡು ವಾಪಸ್ಸು ಬಂದದ್ದನ್ನು ನೋಡುತ್ತೇನೆ, ನಿಮ್ಮ ತಾತ ಇದ್ದಾರೆ, ಕುರ್ಚಿ ಇದೆ, ಕೋಟು ಇದೆ, ನಾನಿಲ್ಲ. ನಾನು ನಿಂತಿದ್ದ ಜಾಗದಲ್ಲಿ ಫೋಟೋದವನು ಬಣ್ಣದಲ್ಲಿ ಒಂದು ಎತ್ತರದ ಹೂಕುಂಡ ಬರೆದಿದ್ದ. ಹೂವಾದರೂ ಯಾವ ಹೂವು? ಅತ್ತ ಗುಲಾಬಿಯಲ್ಲ, ಇತ್ತ ಹೂಕೋಸೂ ಅಲ್ಲ. ದೊಡ್ಡದು ಮಾಡಲು ಕೊಟ್ಟಿದ್ದ ಹಳೇ ಫೋಟೋವನ್ನೂ ಕತ್ತರಿಸಿ, ನಾನಿದ್ದ ಭಾಗವನ್ನು ಗುಡಿಸಿ ಎಸೆದಿದ್ದ.

ಅತ್ತೆ ನನಗೆ ಸಮಾಧಾನ ಹೇಳಿದರು. "ಬದುಕಿರೋಳಿಗೆ ಹಾರ ಹಾಕಿ ದೀಪ ಹಚ್ಚಕ್ಕಾಗುತ್ತೇನೇ ನಂಜಿ? ನಿನ್ನ ಒಳ್ಳೇದಕ್ಕೇ ತೆಗೆಸಿದ್ದು ಕಣೇ." ಮಾತೇನೋ ಸರಿ. ಆದರೆ ಒಳ್ಳೆಯದು ಮಾಡುವವರು ಮೊದಲೊಂದು ಮಾತು ಕೇಳಬಹುದಿತ್ತು. ನಾನು ಎಂದಿನ ಹಾಗೆ ತಲೆ ತಗ್ಗಿಸಿಕೊಂಡು ನೂಲು ಸುತ್ತಲು ಹೋದೆ. ಮಾರನೇ ದಿನ ದೀಪ ಹಚ್ಚುವಾಗ ಹತ್ತಿರದಿಂದ ನೋಡಿದರೆ, ಆ ಅವಸರದ ಮನುಷ್ಯ ನನ್ನನ್ನು ಪೂರ್ತಿ ಅಳಿಸಿರಲಿಲ್ಲ. ನಿಮ್ಮ ತಾತನ ಹೆಗಲ ಮೇಲೆ ನನ್ನ ನಾಲ್ಕು ಬೆರಳು ಹಾಗೇ ಉಳಿದಿದ್ದವು. ಹೂಕುಂಡವೇ ಕೈ ಚಾಚಿ ಅವರನ್ನು ಹಿಡಿದುಕೊಂಡ ಹಾಗಿತ್ತು. ಅತ್ತೆಗೆ ತೋರಿಸಿದೆ. "ಅದು ಕೋಟಿನ ಮಡಿಕೆ" ಅಂದುಬಿಟ್ಟರು. ನನ್ನ ಬೆರಳು ನನಗೆ ಗೊತ್ತಾಗುವುದಿಲ್ಲವೇ? ಮೈಯೆಲ್ಲ ಉರಿಯಿತು. ಒಂದು ಮನೆಯಲ್ಲಿ ಇಷ್ಟು ವರ್ಷ ಬಾಳಿ, ಕೊನೆಗೆ ಕೋಟಿನ ಮಡಿಕೆಯಾಗಿ ಉಳಿಯುವುದೆಂದರೆ ಯಾರಿಗೆ ತಾನೇ ಉರಿಯುವುದಿಲ್ಲ? ನನ್ನದೊಂದು ಫೋಟೋ ಆಗಲೇಬೇಕು, ಅದರಿಂದ ನನ್ನನ್ನು ಯಾರೂ ಅಳಿಸಬಾರದು ಎಂದು ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ. ಆದರೆ ಗಂಡ ಸತ್ತವಳು ಫೋಟೋ ಅಂಗಡಿಗೆ ಹೋಗಿ ಕೂರುವುದುಂಟೆ? ಊರು ನಗುತ್ತಿತ್ತು.

ನನ್ನ ಮೈದುನ ಗಂಗಣ್ಣ, ನಿಮ್ಮ ಚಿಕ್ಕತಾತ, ಯುದ್ಧ ಮುಗಿದ ಮೇಲೆ ಬೆಂಗಳೂರಿನ ದಂಡಿನಲ್ಲಿ, ತನ್ನೂರಿಗೆ ಹೊರಟಿದ್ದ ಬಿಳೀ ಸೋಲ್ಜರನೊಬ್ಬನಿಂದ ಒಂದು ಡಬ್ಬಿ ಕ್ಯಾಮೆರಾ ಕೊಂಡು ತಂದಿದ್ದ. ರೀಲು ಸಿಗುವುದೇ ಕಷ್ಟವಾಗಿದ್ದ ಕಾಲ. ಅದಕ್ಕೆ ಅವನು ಸುಮ್ಮಸುಮ್ಮನೆ ತೆಗೆಯುತ್ತಿರಲಿಲ್ಲ. ಬರೀ ಹಿಡಿದುಕೊಂಡು ಓಡಾಡುತ್ತಿದ್ದ. ರೀಲಿನಲ್ಲಿ ಕೊನೆಯದೊಂದು ಉಳಿದಾಗ ಅತ್ತೆ, "ನನ್ನದೊಂದು ತೆಗೆದಿಡೋ. ಆಮೇಲೆ ನನ್ನನ್ನೂ ಯಾರ್ಯಾರ ಪಕ್ಕದಿಂದಲೋ ಕತ್ತರಿಸಿ ತರಬೇಡಿ" ಎಂದರು. ನೋಡಿ, ಎಲ್ಲ ತಿಳಿದಿತ್ತು ಅವರಿಗೆ.

ಒಳ್ಳೆ ಬಿಸಿಲು. ಅತ್ತೆ ರೇಷ್ಮೆ ಸೀರೆಯುಟ್ಟು, ಕಾಸಗಲ ಕುಂಕುಮವಿಟ್ಟು, ಅಂಗಳದಲ್ಲಿ ಮುಕ್ಕಾಲಿಯ ಮೇಲೆ ಎರಡೂ ಕೈ ಮಂಡಿಗೆ ಊರಿ ಕೂತರು. ಗಂಗಣ್ಣ ಜಗುಲಿಯ ಮೇಲೊಂದು ಮರದ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಕ್ಯಾಮೆರಾ ಇಟ್ಟು ಅದರ ಪಕ್ಕದಲ್ಲಿ ಕಿವಿಯ ಹಾಗೆ ಚಾಚಿದ್ದ ಕಡ್ಡಿಯನ್ನು ಕೆಳಗೊತ್ತಿದ. ಟಕ್ ಎಂದಿತು. ಅಷ್ಟರಲ್ಲಿ ಬೀದಿಯಲ್ಲಿ ನೂಲಿನವರು ಕೂಗಿದರು, ಅವನು ಓಡಿದ. ಅತ್ತೆ ಸೀರೆ ಬದಲಿಸಲು ಒಳಗೆ ಹೋದರು. ಮಾವ ಒಳಗೆ ಮಗ್ಗದಲ್ಲಿದ್ದರು. ಅಂಗಳದಲ್ಲಿ ನಾನು, ಮುಕ್ಕಾಲಿ, ಕ್ಯಾಮೆರಾ.

ಕೊನೆಯದು ಮುಗಿಯಿತಲ್ಲ ಎಂದು ನೀವು ಕೇಳುತ್ತೀರಿ. ನನಗೇನು ಗೊತ್ತು? ಪ್ರತಿ ಸಲವೂ ರೀಲನ್ನು ಮುಂದಕ್ಕೆ ತಿರುಗಿಸಬೇಕು ಎಂಬುದೂ ಗೊತ್ತಿರಲಿಲ್ಲ. ಅವನು ಅದನ್ನು ಯಾವಾಗಲೂ ಗೋಡೆಯ ಕಡೆ ತಿರುಗಿಕೊಂಡು, ಮಂತ್ರ ಜಪಿಸುವವನ ಹಾಗೆ ಮಾಡುತ್ತಿದ್ದ. ಕಿವಿ ಒತ್ತಿದರೆ ಫೋಟೋ, ಅಷ್ಟೇ ನನ್ನ ತಿಳುವಳಿಕೆ. ಆದರೆ ಅಲ್ಲಿ ಕೂತು ಇಲ್ಲಿ ಒತ್ತುವುದು ಹೇಗೆ? ಎಳೆಗಳ ವಿಷಯ ಮಗ್ಗದ ಮನೆಯವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರೇಷ್ಮೆ ನೂಲನ್ನು ಹುರಿಮಾಡಿ ಕ್ಯಾಮೆರಾದ ಕಿವಿಗೆ ಗಂಟು ಹಾಕಿದೆ, ಪೆಟ್ಟಿಗೆಯ ಮೊಳೆಯೊಂದರ ಕೆಳಗೆ ಹಾಯಿಸಿದೆ, ಕ್ಯಾಮೆರಾ ಅಲುಗಾಡದಂತೆ ಮೇಲೆ ಅಕ್ಕಿ ಅಳೆಯುವ ಸೇರು ಹೇರಿದೆ, ತುದಿ ಹಿಡಿದು ಬಂದು ಮುಕ್ಕಾಲಿಯ ಮೇಲೆ ಕೂತೆ.

ಕೂತ ಮೇಲೆ ಕಷ್ಟ ಶುರುವಾಯಿತು. ಯಾವ ಮುಖ ಇಟ್ಟುಕೊಳ್ಳಬೇಕು? ಕುಂಕುಮ ಇಡುವುದಕ್ಕಲ್ಲದೆ ಕನ್ನಡಿ ನೋಡುವ ಅಭ್ಯಾಸ ನಮ್ಮಲ್ಲಿರಲಿಲ್ಲ. ಕುಂಕುಮ ಹೋದ ಮೇಲೆ ಕನ್ನಡಿಯೂ ಹೋಯಿತು. ನನ್ನ ಮುಖ ಹೇಗಿದೆಯೆಂದು ನನಗೇ ಮರೆತಿತ್ತು. ಸೊಸೆಯ ಮುಖ, ತಾಯಿಯ ಮುಖ, ಅಳುವ ಮುಖ ಎಲ್ಲ ಗೊತ್ತು. ಯಾರೂ ಎದುರಿಗಿಲ್ಲದಾಗ ನನ್ನದು ಯಾವುದು? ನಗೋಣವೆಂದು ನೋಡಿದೆ, ತುಟಿ ಏಳಲಿಲ್ಲ. ಆಗ ಆ ಹೂಕುಂಡ ನೆನಪಿಗೆ ಬಂತು. ಮುಖ ತಾನಾಗಿ ಬಂದು ಕೂತುಕೊಂಡಿತು. ಎಡಗೈಯನ್ನು ನಾಲ್ಕು ಬೆರಳೂ ಕಾಣುವಂತೆ ಎದೆಯ ಮೇಲಿಟ್ಟೆ, ಬೇಕಾದವರು ಎಣಿಸಿಕೊಳ್ಳಲಿ ಎಂದು. ಕ್ಯಾಮೆರಾವನ್ನು ದುರುಗುಟ್ಟಿ ನೋಡಿ ನೂಲು ಎಳೆದೆ. ಟಕ್.

ಕೆಲವು ದಿನಗಳಾದ ಮೇಲೆ ಗಂಗಣ್ಣ ಫೋಟೋ ತೊಳೆಸಿಕೊಂಡು ಸಪ್ಪೆ ಮುಖದಲ್ಲಿ ಬಂದ. "ಅಮ್ಮಾ, ನಿನ್ನದು ಯಾಕೋ ಕೆಟ್ಟೋಗಿದೆ. ಒಂದರ ಮೇಲೊಂದು ಬಿದ್ದಿದೆ. ಬೇಕಾದ್ರೆ ಹೂಕುಂಡ ಬರೆದು ಮುಚ್ಚಿಕೊಡ್ತೀನಿ, ಯಾರ ಮೇಲೆ ಬರೀಲಿ ಹೇಳಿ ಅಂತಾನೆ ಆ ಅಂಗಡಿಯವನು." ಅತ್ತೆ ಫೋಟೋವನ್ನು ಬೆಳಕಿಗೆ ಹಿಡಿದರು. ನಾನೂ ಹಿಂದಿನಿಂದ ಇಣುಕಿದೆ. ಅತ್ತೆಯ ಮುಖದಲ್ಲಿ ನನ್ನ ಮುಖ, ನನ್ನ ಕಣ್ಣಿನಲ್ಲಿ ಅವರ ಕಣ್ಣು, ಮಂಡಿಯ ಮೇಲೆ ಅವರ ಕೈ, ಎದೆಯ ಮೇಲೆ ನನ್ನ ಬೆರಳು. ಇಬ್ಬರಿಗೂ ಸೇರಿ ಒಂದೇ ಹಣೆ. ಆ ಹಣೆಯ ನಡುವೆ, ಮಸುಕಾಗಿಯಾದರೂ, ಕುಂಕುಮ.

"ನನಗ್ಯಾವಾಗ ಬಂತೋ ಮೂರನೇ ಕೈ?" ಎಂದ ಅತ್ತೆ, ಬೆರಳುಗಳನ್ನು ಇನ್ನೊಮ್ಮೆ ನೋಡಿ ನನ್ನ ಕಡೆ ತಿರುಗಿದರು. "ಏನೇ ನಂಜಿ, ಇವು ನಿನ್ನ ಬೆರಳಲ್ವೇನೇ?"

ಜೀವಮಾನದಲ್ಲಿ ನಾನು ಅವರಿಗೆ ಎದುರು ಮಾತಾಡಿದ್ದು ಅದೊಂದೇ ಸಲ. "ಸೀರೆ ಮಡಿಕೆ ಇರಬೇಕು ಅತ್ತೆ" ಅಂದೆ.

ಗಂಗಣ್ಣ ನಗು ತಡೆಯಲಾರದೆ ಬೀದಿಗೆ ಹೋದ. ಅತ್ತೆಗೆ ಕುಂಕುಮ ಕಣ್ಣಿಗೆ ಬಿದ್ದದ್ದು ಆಗಲೇ. "ಗಂಡ ಹೋದವಳ ಹಣೇಲಿ ಇದೇನೇ ಅನಾಚಾರ" ಎಂದು ಫೋಟೋ ಹರಿಯಲು ಎರಡು ಕೈಯಲ್ಲಿ ಹಿಡಿದರು. ಮಗ್ಗದ ಸದ್ದು ನಿಂತಿತು. ಒಳಗಿನಿಂದ ಮಾವ, "ಮುತ್ತೈದೆ ಫೋಟೋ ಕಣೇ. ಕುಂಕುಮ ಇರೋದನ್ನ ಯಾರಾದ್ರೂ ಹರೀತಾರಾ? ನಾನಿನ್ನೂ ಬದುಕಿದೀನಿ" ಅಂದರು. ಅತ್ತೆಯ ಕೈ ಅಲ್ಲೇ ನಿಂತಿತು. ಹರಿಯುವ ಹಾಗಿಲ್ಲ, ಸುಡುವ ಹಾಗಿಲ್ಲ, ಮೂಲೆಗೆ ಎಸೆಯುವ ಹಾಗಿಲ್ಲ. ನನ್ನನ್ನು ಅಳಿಸಬೇಕಾದರೆ ತಮ್ಮನ್ನೂ ಅಳಿಸಿಕೊಳ್ಳಬೇಕು. ಕೊನೆಗೆ ತಮ್ಮ ಕೈಯಾರೆ ಅದಕ್ಕೆ ಕಟ್ಟು ಹಾಕಿಸಿ ಮಗನ ಪಕ್ಕದಲ್ಲಿ ನೇತುಹಾಕಿದರು. ದಿನಾ ಮಗನ ಫೋಟೋಗೆ ಹೂ ಮುಡಿಸುವಾಗ ನನ್ನ ಕಡೆ ನೋಡುತ್ತಿರಲಿಲ್ಲ. ನಾನು ಗೋಡೆಯ ಮೇಲಿದ್ದೆ, ನನಗಷ್ಟು ಸಾಕಿತ್ತು.

ಅದರಲ್ಲಿ ದುರುಗುಟ್ಟುವ ಕಣ್ಣು ನನ್ನದೆಂದು ನಾನು ಬಹುಕಾಲ ಹೆಮ್ಮೆಪಟ್ಟುಕೊಂಡಿದ್ದೆ. "ಇಲ್ಲ ಅತ್ತಿಗೆ, ಕಣ್ಣು ಅಮ್ಮಂದೇ. ಸೊಟ್ಟ ಮೂಗು ಮಾತ್ರ ನಿಮ್ಮದು" ಎನ್ನುತ್ತಿದ್ದ ಗಂಗಣ್ಣ. ಇರಲಿ, ಮೂಗಾದರೂ ನನ್ನದಲ್ಲ ಎನ್ನಲಿಲ್ಲವಲ್ಲ.

ಮೊನ್ನೆ ನೀವು ಹೊಸ ಕ್ಯಾಮೆರಾ ತಂದು ನನ್ನನ್ನು ಬಾಗಿಲಲ್ಲಿ ಕೂರಿಸಿದಾಗ, ಚೆನ್ನಾಗಿ ಕಾಣಲಿ ಎಂದು ನಿಮ್ಮಮ್ಮ ಪಕ್ಕದಲ್ಲೊಂದು ಹೂಕುಂಡ ತಂದಿಟ್ಟಳಲ್ಲ, ಪಾಪ, ಅವಳಿಗೇನು ಗೊತ್ತು. "ಯಾರನ್ನ ಕೇಳಿ ಇಟ್ಟೆಯೇ ಇದನ್ನ? ತೆಗಿ" ಎಂದು ಗದರಿಬಿಟ್ಟೆ. ಅವಳು ಎದುರು ಮಾತಾಡದೆ ತಲೆ ತಗ್ಗಿಸಿಕೊಂಡು ಕುಂಡ ಎತ್ತಿಕೊಂಡು ಹೋದಳು. ಆ ತಗ್ಗಿದ ತಲೆ ನನ್ನದು. ಗದರಿದ ಧ್ವನಿ ಮಾತ್ರ, ಆಣೆ ಮಾಡಿ ಹೇಳುತ್ತೇನೆ, ನಮ್ಮತ್ತೆಯದು.