ಸಂಜೆ ಐದಕ್ಕೆ ಬಂದವರ ಕೂಲಿ

ಫೆಬ್ರವರಿ ಏಳು, ಶನಿವಾರ. ಬೆಳಿಗ್ಗೆ ತೆಳು ಮಂಜು, ಹತ್ತರ ಮೇಲೆ ಒಣಬಿಸಿಲು.

ನನ್ನ ಡೈರಿಯಲ್ಲಿ ಆ ದಿನಕ್ಕೆ ಇರುವುದು ಇಷ್ಟು, ಕೆಳಗೆ 'ಹುಳ ಮೂರನೇ ಜ್ವರ, ಆರೋಗ್ಯ ಉತ್ತಮ' ಎಂಬ ಒಂದು ಸಾಲು. ಅವತ್ತು ದೇವರ ವಿಷಯವಾಗಿ ಎರಡು ಗಂಟೆ ವಾದ ನಡೆಯಿತು ಎಂದು ಬರೆಯಲು ರೇಷ್ಮೆ ಇಲಾಖೆಯ ಡೈರಿಯಲ್ಲಿ ಕಾಲಂ ಇಲ್ಲ. ಮಾಗಡಿ ಸುತ್ತಿನ ಹಳ್ಳಿಗಳಲ್ಲಿ ತಿರುಗುವ ನನ್ನಂಥವನಿಗೆ ಇಂಥವು ಆಗುತ್ತಲೇ ಇರುತ್ತವೆ. ಹುಳ ನೋಡಲು ಹೋಗುತ್ತೇನೆ, ಬೇರೆ ಏನನ್ನೋ ನೋಡಿಕೊಂಡು ಬರುತ್ತೇನೆ.

ಊರು ಕಲ್ಯದ ಹತ್ತಿರದ್ದು. ಅಲ್ಲಿ ಒಬ್ಬರು ಗೌಡರು. ಅವರ ಹಿಂದಿನ ಎರಡು ಬೆಳೆ ರೋಗ ಬಂದು ಹೋಗಿದ್ದವು. "ಈ ಬೆಳೆನೂ ಹೋದ್ರೆ ಹಿಪ್ಪುನೇರಳೆ ಬುಡಸಮೇತ ಕಿತ್ತಾಕಿ ಲೇಔಟ್‌ನೋರಿಗೆ ಕೊಟ್ಬುಡ್ತೀನಿ ಸಾರ್" ಎಂದು ನನಗೆ ಹೇಳಿದ್ದರು. ಆ ತೋಟದ ಮೊದಲ ಕಡ್ಡಿ ನೆಟ್ಟವರು ಅವರ ಅವ್ವ. ಮಗ ಹೀಗೆ ಅಂದಾಗಲೆಲ್ಲ ಮುದುಕಿ ಎದ್ದು ಒಳಗೆ ಹೋಗುತ್ತಿದ್ದರು.

ಗೌಡರ ಬದುವಿಗೆ ಹೊಂದಿಕೊಂಡಂತೆ ನಿವೃತ್ತ ಮೇಷ್ಟ್ರ ಮನೆ. ಊರಿನಲ್ಲಿ ಅವರದೊಂದೇ ಕ್ರೈಸ್ತರ ಮನೆ. ಭಾನುವಾರ ಅಕ್ಕಪಕ್ಕದ ಹಳ್ಳಿಗಳಿಂದ ಹತ್ತು ಜನ ಅವರ ಪಡಸಾಲೆಗೆ ಪ್ರಾರ್ಥನೆಗೆ ಬರುತ್ತಾರೆ.

ರೇಷ್ಮೆಹುಳ ನಾಲ್ಕು ಸಲ ಪೊರೆ ಬಿಡುತ್ತದೆ, ಪ್ರತಿ ಸಲವೂ ಅದಕ್ಕೆ ಮುಂಚೆ ಒಂದು ದಿನ ಸೊಪ್ಪು ಮುಟ್ಟದೆ ತಲೆಯೆತ್ತಿ ಸುಮ್ಮನೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ಹುಳಕ್ಕೆ ಜ್ವರ ಬಂದ ದಿನ ರೈತನಿಗೆ ರಜೆ. ಗೌಡರು ಆ ರಜೆಯನ್ನು ಮೇಷ್ಟ್ರ ಧರ್ಮಕ್ಕೆ ಮೀಸಲಿಟ್ಟಿದ್ದರು.

ಕೆಂಪು ಪೆನ್ನು

ಗೌಡರು ಮಾಗಡಿ ಕೋರ್ಟಿನಲ್ಲಿ ಬದುವಿನ ಕೇಸು ಹನ್ನೆರಡು ವರ್ಷ ನಡೆಸಿದವರು. ಅದರಿಂದ ಅವರಿಗೆ ಬಂದ ಲಾಭ ಒಂದು ನೀತಿ: ಎದುರು ಪಾರ್ಟಿಯ ಕಾಗದ ಓದದೆ ವಾದಕ್ಕೆ ಇಳಿಯಬಾರದು. ಹಾಗಾಗಿ ಮೇಷ್ಟ್ರಿಂದ ಬೈಬಲ್ ಇಸಕೊಂಡು ಹೋದರು. ನಾಲ್ಕು ತಿಂಗಳು ಓದಿ, ವಾಪಸು ತಂದುಕೊಟ್ಟರು. ಪುಟಪುಟಕ್ಕೂ ಕೆಂಪು ಪೆನ್ನಿನ ಗೆರೆ, ಪಕ್ಕದಲ್ಲಿ 'ಸಾಕ್ಷಿ ಎಲ್ಲಿ?', 'ಹಿಂದಿನ ಹೇಳಿಕೆಗೆ ವಿರುದ್ಧ', 'ಪರಿಶೀಲಿಸಿ'.

ಮೇಷ್ಟ್ರು ಪುಟ ತಿರುವಿ ತಿರುವಿ ನೋಡಿದರು. ಬೇಸರ ಮಾಡಿಕೊಂಡಾರು ಎಂದು ನಾನು ಅಂದುಕೊಂಡಿದ್ದೆ.

"ಗೌಡ್ರೇ, ನಮ್ಮ ಪ್ರಾರ್ಥನೆಗೆ ಬರೋ ಹತ್ತು ಜನದಲ್ಲಿ ಇದನ್ನ ಕೊನೇವರೆಗೂ ಓದಿದೋರು ಒಬ್ಬರೂ ಇಲ್ಲ. ಓದಿದೋರು ಒಬ್ಬರು ಸಿಕ್ಕರು ಅಂದ್ರೆ, ಅವರು ನಂಬದೋರಾಗಿಬಿಟ್ಟರು."

ನೂರರಲ್ಲಿ ಒಂದು

ಮೂರನೇ ಜ್ವರದ ದಿನ, ಅಂದರೆ ಆ ಶನಿವಾರ, ಗೌಡರ ಹುಳದ ಮನೆಯಲ್ಲಿ ವಾದಕ್ಕೆ ಬಂದದ್ದು ಕುರಿ. ಒಬ್ಬನಿಗೆ ನೂರು ಕುರಿ. ಒಂದು ತಪ್ಪಿಸಿಕೊಂಡಿತು. ಮಿಕ್ಕ ತೊಂಬತ್ತೊಂಬತ್ತನ್ನು ಬಿಟ್ಟು ಅವನು ಆ ಒಂದನ್ನು ಹುಡುಕಿಕೊಂಡು ಹೋದ. ದೇವರು ಹಾಗೆ, ಎಂದರು ಮೇಷ್ಟ್ರು.

"ಬುಟ್ಟು ಅಂದ್ರೆ ಯಾರ ವಶಕ್ಕೆ ಬುಟ್ಟ?" ಗೌಡರು ಕೇಳಿದರು.

"ಅದನ್ನ ಹೇಳಿಲ್ಲ."

"ಅದೇ ಮುಖ್ಯ ಕಣ್ ಮೇಷ್ಟ್ರೇ. ನಮ್ ಗುಡ್ಡದಲ್ಲಿ ಚಿರತೆ ಐತೆ. ಒಂದನ್ನ ಎತ್ಕೊಂಡು ಕುಣಿತಾ ಬರೋಹೊತ್ತಿಗೆ ಇಲ್ಲಿ ಹತ್ತು ಹೋಗಿರ್ತವೆ. ಕುರಿ ಕಾದೋನು ಯಾವನೂ ಈ ಕತೆ ಬರ್ದಿಲ್ಲ. ಲಾಜಿಕ್ಕೇ ಇಲ್ಲ."

ಮೇಷ್ಟ್ರು ಬಾಯಿ ತೆರೆಯುವ ಮೊದಲು ಬಾಗಿಲ ಹತ್ತಿರ ಅವರೆಕಾಯಿ ಸುಲಿಯುತ್ತಿದ್ದ ಅವ್ವ ಮಾತಾಡಿದರು.

"ಲೇ, ನಿಂಗೆ ನಾಕು ವರ್ಸ ಇದ್ದಾಗ ಮಾಗಡಿ ಸಂತೇಲಿ ಕಳ್ದೋಗಿದ್ದೆ. ಮಿಕ್ಕ ಮೂರು ಮಕ್ಕಳನ್ನ ಬಳೆ ಅಂಗ್ಡಿ ಮುಂದೆ ಬುಟ್ಟು ಸಂತೆಯೆಲ್ಲಾ ನಿನ್ ಹುಡುಕ್ದೆ. ಈ ಲಾಜಿಕ್ಕು ಅವತ್ತು ನಂಗೆ ಗೊತ್ತಿದ್ದಿದ್ರೆ, ಮೂರೈತಲ್ಲ ಅಂತ ಮನೆಗೆ ಬಂದ್ಬುಡ್ತಿದ್ದೆ."

ಒಂದು ಪಹಣಿ, ಮೂರು ಹೆಸರು

ಅದೇ ಮಧ್ಯಾಹ್ನ ಗೌಡರು ತಂದೆ, ಮಗ, ಪವಿತ್ರಾತ್ಮ ಎಂಬ ವಿಷಯ ಎತ್ತಿದರು. ಮೂವರೂ ಬೇರೆ, ಮೂವರೂ ಸೇರಿ ಒಬ್ಬನೇ ದೇವರು. ಒಂದು ಅಂದರೆ ಮೂರಲ್ಲ, ಮೂರು ಅಂದರೆ ಒಂದಲ್ಲ, ಮಗ್ಗಿ ಕಲಿಸಿದ ಮೇಷ್ಟ್ರೇ ಹೀಗೆ ಹೇಳಬಹುದಾ ಎಂದರು.

ಮೇಷ್ಟ್ರು ನೀರು, ಮಂಜುಗಡ್ಡೆ, ಹಬೆ ಅಂದರು. ಗೌಡರು ಒಪ್ಪಲಿಲ್ಲ. ಕೊನೆಗೆ ಮೇಷ್ಟ್ರು ಅವರ ದಾರಿಗೇ ಬಂದರು.

"ಪಹಣಿ ಒಂದು. ಅದರಲ್ಲಿ ಮೂರು ಹೆಸರು. ಜಮೀನು ಭಾಗ ಆಗಿಲ್ಲ. ಮೂವರೂ ಪೂರ್ತಿ ಯಜಮಾನರು. ಈಗ ಅರ್ಥ ಆಯ್ತಾ?"

ಗೌಡರು ಮೂರು ಬೆರಳು ಮಡಿಸಿ ನೋಡಿದರು.

"ಜಂಟಿ ಖಾತೆ. ಜಗಳ ಇಲ್ವಾ?"

"ಇಲ್ಲ."

"ಯಾವತ್ತೂ ಕೋರ್ಟಿಗೆ ಹೋಗಿಲ್ವಾ? ಸರ್ವೆಗೆ ಅರ್ಜಿ ಹಾಕಿಲ್ವಾ?"

"ಯಾವತ್ತೂ ಇಲ್ಲ."

"ಹಂಗಾದ್ರೆ ಅದು ದೇವ್ರೇ, ಒಪ್ಕೋತೀನಿ. ಮನುಷ್ರ ಕೈಲಿ ಆಗೋ ಕೆಲ್ಸ ಅಲ್ಲ."

ಬಾಗಿಲಿಗೆ ಕಟ್ಟಿದ್ದು

ಮೇಷ್ಟ್ರು ತಿರುಗಿಬಿದ್ದದ್ದು ಒಂದೇ ಸಲ. ಹುಳದ ಮನೆಯ ಬಾಗಿಲ ಮೇಲೆ ನಿಂಬೆಹಣ್ಣು, ಮೆಣಸಿನಕಾಯಿ, ಒಂದು ಹಳೇ ಚಪ್ಪಲಿ ತೂಗುತ್ತಿದ್ದವು.

"ಗೌಡ್ರೇ, ಇದರ ಲಾಜಿಕ್ ಒಸಿ ಹೇಳಿ" ಎಂದರು, ಗೌಡರ ಧಾಟಿಯಲ್ಲೇ.

"ಇದು ನಂಬಿಕೆ. ನಂಬಿಕೆಗೆ ಯಾಕೆ ಲಾಜಿಕ್?"

ಮೇಷ್ಟ್ರು ನನ್ನ ಕಡೆ ತಿರುಗಿ ಇಲಾಖೆ ಏನನ್ನುತ್ತದೆ ಎಂದು ಕೇಳಿದರು. ನಾನು ಇಂಥ ವಾದಗಳಲ್ಲಿ ಮಾತಾಡುವವನಲ್ಲ. ಬಾಗಿಲಲ್ಲಿ ಸುಣ್ಣದ ಪುಡಿ ಹಾಕಿ ಎನ್ನುತ್ತದೆ, ಅಂದೆ.

"ಹಾಕಿದ್ದೆ ಸಾರ್. ಹೋದ್ಸಲ ಸುಣ್ಣನೂ ಹಾಕಿದ್ದೆ, ನಿಂಬೆಹಣ್ಣೂ ಕಟ್ಟಿದ್ದೆ. ಆದ್ರೂ ಬೆಳೆ ಹೋಯ್ತು."

"ಆಮೇಲೆ ಎರಡರಲ್ಲಿ ಯಾವುದನ್ನ ಬಿಟ್ಟಿರಿ?" ಮೇಷ್ಟ್ರು ಕೇಳಿದರು.

"ಸುಣ್ಣಾನ."

ಆ ಮಧ್ಯಾಹ್ನ ನಾನೇ ನಿಂತು ಸುಣ್ಣ ಹಾಕಿಸಿ ಬಂದೆ.

ದ್ರಾಕ್ಷಿತೋಟ

ನಾಲ್ಕನೇ ಜ್ವರದ ದಿನ ಗೌಡರು ತಯಾರಾಗಿಯೇ ಕೂತಿದ್ದರು. ಬೈಬಲ್ಲಿನಲ್ಲಿ ಅವರು ಎರಡು ಗೆರೆ ಎಳೆದ ಕತೆ ಒಂದೇ. ನನಗೆ ತಿಳಿಯಲೆಂದು ಅವರೇ ಹೇಳಿದರು.

ಒಬ್ಬ ಯಜಮಾನ. ಬೆಳಿಗ್ಗೆ ಆರಕ್ಕೆ ಹೋಗಿ, ದಿನದ ಕೂಲಿ ಇಷ್ಟು ಎಂದು ಮಾತಾಡಿ, ತನ್ನ ದ್ರಾಕ್ಷಿತೋಟಕ್ಕೆ ಆಳು ಕರೆತಂದ. ಸಾಲದೆ ಒಂಬತ್ತಕ್ಕೆ ಹೋದ, ಹನ್ನೆರಡಕ್ಕೆ ಹೋದ, ಮೂರಕ್ಕೆ ಹೋದ. ಸಂಜೆ ಐದಕ್ಕೂ ಹೋದ. ಅಲ್ಲಿ ಕೆಲವರು ನಿಂತಿದ್ದರು. ಯಾಕೆ ಸುಮ್ಮನೆ ನಿಂತಿದ್ದೀರಿ ಎಂದ. ನಮ್ಮನ್ನು ಯಾರೂ ಕರೆಯಲಿಲ್ಲ ಎಂದರು. ಅವರನ್ನೂ ಕರೆತಂದ. ಹೊತ್ತು ಮುಳುಗಿದ ಮೇಲೆ, ಕೊನೆಗೆ ಬಂದವರಿಂದ ಶುರುಮಾಡಿ, ಎಲ್ಲರಿಗೂ ಒಂದೇ ಸಮ ದಿನಗೂಲಿ ಕೊಟ್ಟ. ಬೆಳಿಗ್ಗೆ ಬಂದವರು ಗೊಣಗಿದರು. ಅವನು, ಮಾತಾಡಿದ್ದು ಕೊಟ್ಟಿದ್ದೇನೆ, ನನ್ನ ದುಡ್ಡು, ನನ್ನ ಇಷ್ಟ, ನಾನು ಒಳ್ಳೆಯವನಾದರೆ ನಿಮಗೇಕೆ ಹೊಟ್ಟೆಕಿಚ್ಚು ಎಂದ.

"ಇದ್ಯಾವ ಸೀಮೆ ನ್ಯಾಯ ಮೇಷ್ಟ್ರೇ?"

"ನ್ಯಾಯ ಅಲ್ಲ ಗೌಡ್ರೇ, ಕರುಣೆ. ಐದಕ್ಕೆ ಬಂದವನ ಮನೇಲೂ ಒಲೆ ಹಚ್ಚಬೇಕು. ಅರ್ಧ ಕೂಲಿ ತಂದ ಅಂತ ಮಕ್ಕಳಿಗೆ ಅರ್ಧ ಹಸಿವಾಗುತ್ತಾ?"

 ಕೋರ್ಟಿನ ಅನುಭವ ಗೌಡರ ಕೈಹಿಡಿಯಿತು.

"ಸರಿ. ಮಾರನೇ ದಿನ ಏನಾಯ್ತು? ಬರ್ದಿಲ್ಲ. ನಾನು ಹೇಳ್ತೀನಿ ಕೇಳಿ. ಬೆಳಿಗ್ಗೆ ಆರಕ್ಕೆ ಒಂದು ನರಪಿಳ್ಳೆ ಬರ್ಲಿಲ್ಲ. ಎಲ್ಲಾ ಐದಕ್ಕೆ ಬಂದ್ರು."

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಹುಳ ನೋಡಿದೆ. ಗೌಡರು ಗೆದ್ದೆ ಎಂದು ಎದ್ದರು.

ಅವ್ವ ಕಾಫಿ ತಂದರು. ಗೆದ್ದ ಗೌಡರಿಗೆ, ಸೋತ ಮೇಷ್ಟ್ರಿಗೆ, ಬಾಯಿಯನ್ನೇ ತೆರೆಯದ ನನಗೆ, ಮೂರೂ ಲೋಟ ಒಂದೇ ಅಳತೆ.

ಹಣ್ಣಾದ ದಿನ

ಕೊನೆಯ ಹಂತದಲ್ಲಿ ಹುಳ ಹಣ್ಣಾಗುತ್ತದೆ, ಅಂದರೆ ಮೈ ಹೊಂಬಣ್ಣಕ್ಕೆ ತಿರುಗಿ ನೂಲಲು ಸಿದ್ಧವಾಗುತ್ತದೆ. ಆಗ ಒಂದೊಂದನ್ನೇ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟೆಯ ಮೇಲೆ ಬಿಡಬೇಕು. ತಡವಾದರೆ ಸೊಪ್ಪಿನ ಕಸದಲ್ಲೇ ನೂಲು ಸುರಿಸಿ ಹಾಳಾಗುತ್ತದೆ. ಒಂದೇ ದಿನದ ಕೆಲಸ, ಕೈಗಳು ಬೇಕು.

ಶನಿವಾರ ಹಣ್ಣಾಗುತ್ತವೆ ಎಂದು ನಾನು ಹೇಳಿದ್ದೆ. ಗೌಡರು ಶನಿವಾರಕ್ಕೇ ಆಳು ಗೊತ್ತುಮಾಡಿದ್ದರು. ಸೆಕೆ ಏರಿತು. ಹುಳಗಳು ಇಲಾಖೆಯ ಮಾತು ಮೀರಿ ಗುರುವಾರವೇ ಹಣ್ಣಾದವು.

ಆ ಗುರುವಾರ ಬೆಳಿಗ್ಗೆ ಆರಕ್ಕೆ ಆರು ಹೆಂಗಸರು ಸಿಕ್ಕರು. ಅವರ ಮುಂದಾಳು ಒಬ್ಬ ಗಟ್ಟಿಗಿತ್ತಿ, ಈ ಕೆಲಸದಲ್ಲಿ ಕೈ ಪಳಗಿದವಳು. ಸಾಲಲಿಲ್ಲ. ಒಂಬತ್ತಕ್ಕೆ ಗೌಡರು ಮೊಪೆಡ್ಡಿನಲ್ಲಿ ಗುಡೇಮಾರನಹಳ್ಳಿ ಕಡೆ ಹೋಗಿ ಇಬ್ಬರನ್ನು ತಂದರು. ಹನ್ನೆರಡಕ್ಕೆ ಹೋಗಿ ಮೂವರನ್ನು. ಮೂರಕ್ಕೆ ಹೋಗಿ ಒಬ್ಬನನ್ನು. ಈ ಗಂಟೆಗಳನ್ನು ನಾನು ಎಲ್ಲೋ ಕೇಳಿದ್ದೆ. ಹೇಳುವ ಸಮಯ ಅದಲ್ಲ.

ಸಂಜೆ ಐದಾಯಿತು. ಇನ್ನೂ ಎರಡು ಸ್ಟ್ಯಾಂಡಿನ ತಟ್ಟೆಗಳಲ್ಲಿದ್ದ ಹುಳ ಮುಟ್ಟಿರಲಿಲ್ಲ. ಅಂಚಿನಲ್ಲಿದ್ದವು ಆಗಲೇ ಕಸದಲ್ಲಿ ನೂಲು ಬಿಡತೊಡಗಿದ್ದವು. ಗೌಡರು ಬಾಗಿಲಲ್ಲಿ ನಿಂತು ತೋಟದ ಕಡೆ ನೋಡುತ್ತಿದ್ದರು. ಅವ್ವ ಬೆಳಗಿನಿಂದ ಬಗ್ಗಿಸಿದ ತಲೆ ಎತ್ತದೆ ಹೇಳಿದರು: "ಮೇಷ್ಟ್ರನ್ನ ಕರಿ."

ವಾರವಿಡೀ ಮೇಷ್ಟ್ರನ್ನು ದ್ರಾಕ್ಷಿತೋಟದ ಯಜಮಾನರೇ ಎಂದು ಕರೆದು ಕಾಡಿದ್ದ ಗೌಡರಿಗೆ ಒಬ್ಬರೇ ಹೋಗಲು ಮುಖವಿರಲಿಲ್ಲ. ನನ್ನನ್ನೂ ಕರೆದುಕೊಂಡರು. ಮೇಷ್ಟ್ರು ಜಗಲಿಯ ಮೇಲೆ ಪೇಪರ್ ಹಿಡಿದು ಕೂತಿದ್ದರು.

"ಏನ್ ಮೇಷ್ಟ್ರೇ, ಸುಮ್ನೆ ಕೂತಿದ್ದೀರಿ?"

"ಯಾರೂ ಕರೀಲಿಲ್ಲವಲ್ಲ ಗೌಡ್ರೇ."

ಗೌಡರು ಮೆಟ್ಟಿಲ ಮೇಲೆ ಒಂದು ಕಾಲಿಟ್ಟವರು ಹಾಗೇ ನಿಂತರು. ನನ್ನ ಮುಖ ನೋಡಿದರು, ಗಡಿಯಾರ ನೋಡಿದರು.

"ಉಪದೇಶ ಆಮೇಲೆ ಮಾಡೀರಂತೆ. ಮೊದ್ಲು ಏಳಿ."

ಮೇಷ್ಟ್ರು, ಅವರ ಹೆಂಡತಿ, ಬಂದಿದ್ದ ಇಬ್ಬರು ನೆಂಟರು, ನಾಲ್ವರೂ ಬಂದರು. ಏಳಕ್ಕೆ ಹಣ್ಣಾದ ಕೊನೆಯ ಹುಳ ಚಂದ್ರಿಕೆ ಏರಿತು. ನನಗೆ ಮಾಗಡಿಯ ಬಸ್ಸು. ಕೂಲಿ ಕೊಡುವುದನ್ನು ನೋಡಲು ಉಳಿಯಲಾಗಲಿಲ್ಲ.

ಕೂಲಿ

ಎಂಟು ದಿನದ ಮೇಲೆ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಗೌಡರು, ಮೇಷ್ಟ್ರು ಇಬ್ಬರೂ ಸಿಕ್ಕರು. ಗೂಡು ಗಟ್ಟಿಯಾಗಿತ್ತು, ಬೆಲೆಯೂ ಬಂದಿತ್ತು. ಗೌಡರು ರಸೀದಿಯನ್ನು ನಾಲ್ಕು ಸಲ ಓದಿದರು, ಕೆಂಪು ಪೆನ್ನಿಲ್ಲದೆ. "ಮುಂದಿನ ಬೆಳೆಗೂ ನಮ್ ಹೆಸ್ರಿಗೆ ಹುಳ ಬರ್ಕೊಳ್ಳಿ ಸಾರ್, ಅವ್ವ ಹೇಳ್ಕಳಿಸವ್ಳೆ" ಎಂದರು.

ಟೀ ಅಂಗಡಿಯಲ್ಲಿ ನಾನು ಕೇಳಿದೆ: ಅವತ್ತು ಕೂಲಿ ಏನು ಕೊಟ್ಟಿರಿ? ಗೌಡರು ಲೋಟದೊಳಗೆ ನೋಡಿದರು. ಮೇಷ್ಟ್ರು ಹೇಳಿದರು.

ಗೌಡರು ಉಪಾಯ ಮಾಡಿದ್ದರಂತೆ. ಕತೆಯ ಯಜಮಾನ ಗೊಣಗಾಟ ಕೇಳಬೇಕಾಗಿ ಬಂದದ್ದು ಕೊನೆಯವರಿಗೆ ಮೊದಲು ಕೊಟ್ಟಿದ್ದರಿಂದ ಎಂಬುದು ಅವರ ಲೆಕ್ಕ. ಇವರು ಆರು ಗಂಟೆಯವರಿಗೆ ಮೊದಲು ತಲಾ ಐನೂರು ಕೊಟ್ಟು ಮನೆಗೆ ಕಳಿಸಿ, ಉಳಿದವರಿಗೂ ಐನೂರರಂತೆ ಕೊಡುತ್ತಾ ಮೇಷ್ಟ್ರ ಹತ್ತಿರ ಬಂದರು.

"ಎರಡು ಗಂಟೆ ಕೆಲಸಕ್ಕೆ ಐನೂರಾ? ಇದು ನ್ಯಾಯ ಅಲ್ಲ ಗೌಡ್ರೇ" ಎಂದರು ಮೇಷ್ಟ್ರು.

"ತಗೊಳ್ಳಿ. ತಗೊಳ್ಳದಿದ್ರೆ ನಿಮ್ ಪುಸ್ತಕ ಸುಳ್ಳು ಅಂತ ನೀವೇ ಬರ್ಕೊಟ್ಟಂಗೆ."

ಅಷ್ಟರಲ್ಲಿ ಮುಂದಾಳು ಹೆಂಗಸು, ಮರೆತ ಬುತ್ತಿಡಬ್ಬಿಗಾಗಿ ವಾಪಸು ಬಂದವಳು, ಬಾಗಿಲಲ್ಲಿ ನಿಂತಿದ್ದಳು.

"ಇದ್ಯಾವ ಸೀಮೆ ನ್ಯಾಯ ಗೌಡ್ರೇ?"

ಗೌಡರು ತಿರುಗಿ ಒಂದೇ ಉಸಿರಿಗೆ ಹೇಳಿದರಂತೆ: "ನಿಂಗೆ ಮಾತಾಡಿದ್ದು ಐನೂರು. ಕೊಟ್ಟಿವ್ನಿ. ನನ್ ದುಡ್ಡು, ನನ್ನಿಷ್ಟ. ನಾನು ಒಳ್ಳೇದು ಮಾಡುದ್ರೆ ನಿಂಗ್ಯಾಕವ್ವ ಹೊಟ್ಟೆಕಿಚ್ಚು?"

"ಮೂವತ್ತು ವರ್ಷ ಆ ಕತೆ ವಿವರಿಸಿದ್ದೀನಿ ಸಾರ್" ಮೇಷ್ಟ್ರು ನನಗೆ ಹೇಳಿದರು. "ಇಷ್ಟು ಮನಮುಟ್ಟೋ ಹಾಗೆ ನನಗೆ ಯಾವತ್ತೂ ಬಂದಿಲ್ಲ."

ಆದರೆ ಆಕೆ ಬಗ್ಗಲಿಲ್ಲ. "ಹೊಟ್ಟೆಕಿಚ್ಚಲ್ಲ. ಮೇಷ್ಟ್ರು ಆರಿಸಿದ್ರಲ್ಲಿ ಅರ್ಧ ಹುಳ ಹಣ್ಣೇ ಆಗಿರ್ಲಿಲ್ಲ. ಅವನ್ನ ಚಂದ್ರಿಕೆಯಿಂದ ತೆಗ್ದು ತೆಗ್ದು ತಿರ್ಗ ಸೊಪ್ಪಿಗೆ ಬುಟ್ಟೋಳು ನಾನು. ಆ ಕೂಲಿ ಯಾವ ಪುಸ್ತಕದಲ್ಲೈತೆ?"

ಇದಕ್ಕೆ ಯಜಮಾನ ಏನು ಹೇಳಿದ ಎಂಬುದು ಬೈಬಲ್ಲಿನಲ್ಲಿ ಇಲ್ಲ.

"ಹಾಗಾದರೆ ಮುಂದಿನ ಬೆಳೆಗೆ ಎಲ್ಲರೂ ಐದಕ್ಕೇ ಬರ್ತಾರೇನೋ" ಎಂದೆ.

"ಇಲ್ಲ ಸಾರ್" ಎಂದರು ಗೌಡರು. "ಹೆಂಗಸ್ರು ಆಗ್ಲೇ ಹೇಳವ್ರೆ. ಬೆಳಿಗ್ಗೆ ಆರಕ್ಕೇ ಬತ್ತೀವಿ, ಮೇಷ್ಟ್ರನ್ನ ಮಾತ್ರ ಕರೀಬ್ಯಾಡಿ ಅಂತ."

"ಮತ್ತೆ ಕೊನೆಗೆ ಎಷ್ಟಾಯ್ತು?"

"ಎಲ್ರಿಗೂ ಐನೂರೇ. ಮೇಷ್ಟ್ರು ತಮ್ಮ ಐನೂರಲ್ಲಿ ನೂರು ತೆಗ್ದು ಆಯಮ್ಮನ ಕೈಗಿಟ್ರು. ಅಲ್ಲಿಗೆ ಬೆಳಿಗ್ಗೆ ಬಂದೋಳಿಗೆ ಆರ್ನೂರು, ಸಂಜೆ ಬಂದ ಮೇಷ್ಟ್ರಿಗೆ ನಾನೂರು. ಲೆಕ್ಕ ಸರಿಹೋಯ್ತು ನೋಡಿ ಸಾರ್. ಆ ಪುಸ್ತಕದಲ್ಲಿ ಇದೊಂದು ಸಾಲು ಬರ್ಕೊಳ್ಳೋದು ಮರ್ತ್ಬುಟ್ಟವ್ರೆ."